ದುರ್ಗದ ಬಂಡೆ ಮೇಲೆ ಚಾಮಯ್ಯ ಮೇಷ್ಟ್ರ ವಿಚಾರಣೆ

ಚಿತ್ರದುರ್ಗದ ಕೋಟೆಯಲ್ಲಿ ಗೈಡ್‌ಗಳು ತಪ್ಪದೆ ಹೇಳುವ ಕಥೆ ಎರಡು. ಒಂದು ಓಬವ್ವನದು, ಇನ್ನೊಂದು ರಾಮಾಚಾರಿಯದು. ಮೊದಲನೆಯದನ್ನು ಹೇಳುವಾಗ ಯಾರೂ ತಕರಾರು ತೆಗೆಯಲ್ಲ. ಬಂಡೆಗಳ ನಡುವಿನ ಕಿಂಡಿ ಕಣ್ಣೆದುರೇ ಇದೆ, ಒಬ್ಬೊಬ್ಬರೇ ಬಗ್ಗಿ ನುಸುಳಬೇಕಾದಷ್ಟು ಕಿರಿದು. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಅವಳು ಹೋಗಿದ್ದಳು ಅನ್ನುವ ತಣ್ಣೀರು ದೋಣಿಯೂ ಅಲ್ಲೇ ಹತ್ತಿರ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತಲೆ ಹಾಕಿದರು, ಒನಕೆ ಬಿತ್ತು. ಕೇಳಿದವರು ಚಪ್ಪಾಳೆ ತಟ್ಟಿ, ಫೋಟೊ ತೆಗೆಸಿಕೊಂಡು ಮುಂದೆ ಹೋಗ್ತಾರೆ.

ಎರಡನೇ ಕಥೆ ಶುರುವಾದರೆ ಮಾತ್ರ ಗಲಾಟೆ. ರಾಮಾಚಾರಿಯದು ತಪ್ಪು ಅಂತ ಒಬ್ಬರು, ಮೇಷ್ಟ್ರದು ತಪ್ಪು ಅಂತ ಇನ್ನೊಬ್ಬರು, ಊರಿನವರದೇ ತಪ್ಪು ಅಂತ ಮತ್ತೊಬ್ಬರು. ಐವತ್ತು ವರ್ಷ ದಾಟಿದ ಒಂದು ಸಿನಿಮಾಗಾಗಿ, ಬಿಸಿಲಲ್ಲಿ ನೀರಿನ ಬಾಟಲಿ ಹಿಡ್ಕೊಂಡು, ಪರಿಚಯವೇ ಇಲ್ಲದ ಜನ ಹೀಗೆ ವಾದ ಮಾಡೋದನ್ನ ನಾನು ಬೇರೆ ಯಾವ ಪ್ರವಾಸಿ ತಾಣದಲ್ಲೂ ನೋಡಿಲ್ಲ.

‘ನಾಗರಹಾವು’ ನೋಡದವರಿಗೆ ಎರಡು ಮಾತು. ನಮ್ಮ ವಯಸ್ಸಿನ ಬಹಳಷ್ಟು ಜನರಿಗೆ ರಾಮಾಚಾರಿ ಅಂದರೆ 2014ರ ಯಶ್ ಸಿನಿಮಾ. ಅದರ ಹೀರೊ ಹಳೆಯ ರಾಮಾಚಾರಿಯ ಕಟ್ಟಾ ಅಭಿಮಾನಿ, ಹುಡುಗಿಯನ್ನು ಮಾರ್ಗರೆಟ್ ಅಂತಾನೆ ಕರೀತಾನೆ. ಅಲ್ಲಿ ಎಲ್ಲ ಸುಖವಾಗಿ ಮುಗಿಯುತ್ತೆ. ಮೂಲದಲ್ಲಿ ಹಾಗಿಲ್ಲ. ಸ್ಪಾಯ್ಲರ್ ಅಂತ ಬೈಬೇಡಿ, 1972ರ ಡಿಸೆಂಬರ್ 29ಕ್ಕೆ ಬಿಡುಗಡೆಯಾದ ಸಿನಿಮಾ ಇದು.

ತರಾಸು ಅವರ ಮೂರು ಕಾದಂಬರಿಗಳನ್ನು (‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’) ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ. ವೀರಾಸ್ವಾಮಿ ನಿರ್ಮಾಪಕರು. ಸಂಪತ್ ಕುಮಾರ್ ಅನ್ನೋ ಹುಡುಗ ವಿಷ್ಣುವರ್ಧನ್ ಆದದ್ದು ಇಲ್ಲೇ, ಅಂಬರೀಷ್ ಮೊದಲ ಸಲ ತೆರೆ ಮೇಲೆ ಬಂದದ್ದೂ ಇಲ್ಲೇ. ದುರ್ಗದ ಮುಂಗೋಪಿ ಹುಡುಗ ರಾಮಾಚಾರಿ. ಹೆತ್ತವರಿಗೂ ಬಗ್ಗಲ್ಲ, ಕಾಲೇಜಿನ ಪ್ರಿನ್ಸಿಪಾಲರಿಗೂ ಬಗ್ಗಲ್ಲ. ಅವನು ಮಾತು ಕೇಳೋದು ಒಬ್ಬರದೇ, ಮಕ್ಕಳಿಲ್ಲದ ಚಾಮಯ್ಯ ಮೇಷ್ಟ್ರದು. ಮೇಷ್ಟ್ರ ಹೆಂಡತಿ ತುಂಗಮ್ಮನಿಗೂ ಅವನೇ ಮಗ.

ಗೆಳೆಯ ವರದನ ತಂಗಿ ಅಲಮೇಲುವನ್ನು ರಾಮಾಚಾರಿ ಪ್ರೀತಿಸ್ತಾನೆ. ಜಾತಿ ಬೇರೆ. ಮನೆಯವರ ಪರವಾಗಿ ಅವನ ಮುಂದೆ ಬರೋದು ಚಾಮಯ್ಯ ಮೇಷ್ಟ್ರು. ಪ್ರೀತಿಗಿಂತ ತ್ಯಾಗ ದೊಡ್ಡದು ಅನ್ನೋ ಧಾಟಿಯಲ್ಲಿ ಒಪ್ಪಿಸ್ತಾರೆ. ಮುಂದೆ ಅವನ ಬದುಕಿಗೆ ಮಾರ್ಗರೆಟ್ ಬರ್ತಾಳೆ. ಈ ಸಲ ಧರ್ಮವೇ ಬೇರೆ. ಈ ನಡುವೆ ದೊಡ್ಡ ಹೋಟೆಲೊಂದರಲ್ಲಿ ಅಲಮೇಲು ಸಿಗ್ತಾಳೆ, ಕಟ್ಟಿಕೊಂಡ ಗಂಡನೇ ಅವಳನ್ನು ಮಾರಿಬಿಟ್ಟಿರ್ತಾನೆ. ಅದನ್ನು ಕಣ್ಣಾರೆ ಕಂಡ ಮೇಲೂ ಮತ್ತೆ ಮೇಷ್ಟ್ರು ಬಂದು ಬೇಡ ಅಂತಾರೆ. ಬೆಟ್ಟದ ಮೇಲೆ ಮಾತಿಗೆ ಮಾತು ಬೆಳೆದು, ರಾಮಾಚಾರಿಯ ಕೈಯಿಂದಲೇ ಮೇಷ್ಟ್ರು ಕೆಳಗೆ ಬೀಳ್ತಾರೆ. ಅವರ ಹಿಂದೆಯೇ ಅವನೂ ಮಾರ್ಗರೆಟ್ಟೂ.

ಇಷ್ಟು ಗೊತ್ತಿದ್ದರೆ ಕೋಟೆ ಹತ್ತಬಹುದು.

ಬೆಂಗಳೂರಿಂದ ಸುಮಾರು 200 ಕಿಲೋಮೀಟರ್. ಹೆದ್ದಾರಿ ನೇರ, ಬೆಳಗ್ಗೆ ಆರಕ್ಕೆ ಬಿಟ್ಟರೆ ದಾರಿಯಲ್ಲಿ ಇಡ್ಲಿ ತಿಂದು ಹತ್ತರ ಒಳಗೆ ಕೋಟೆ ಬಾಗಿಲಲ್ಲಿ ಇರಬಹುದು. ಊರು ಹತ್ತಿರ ಬರುವಾಗ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಪುಟ್ಟಣ್ಣನ ಕ್ಯಾಮೆರಾಗೆ ಅವು ಸಿಕ್ಕಿರಲಿಲ್ಲ, ಆಗ ಗುಡ್ಡ ಬರೀ ಗುಡ್ಡವಾಗಿತ್ತು. ಮಾರ್ಚ್ ನಂತರ ಹೋಗಬೇಡಿ. ಕಲ್ಲು ಕಾದು ಚಪ್ಪಲಿಯೊಳಗೂ ಸುಡುತ್ತೆ. ಶೂ ಹಾಕ್ಕೊಳ್ಳಿ, ತಿಂಡಿ ಬ್ಯಾಗಿನ ಒಳಗಿಡಿ, ಕೋತಿಗಳಿಗೆ ಕಣ್ಣು ಚುರುಕು.

ಮೊದಲ ಬಾಗಿಲ ಹತ್ತಿರವೇ ಗೋಡೆಯ ಕಲ್ಲಿನಲ್ಲಿ ಹೆಡೆ ಬಿಚ್ಚಿದ ನಾಗನ ಕೆತ್ತನೆ ಇದೆ. ನಾನು ನಿಂತಿದ್ದ ಐದು ನಿಮಿಷದಲ್ಲಿ ಮೂರು ಗುಂಪಿನವರು ಅದನ್ನು ನೋಡಿ ಸಿನಿಮಾದ ಹೆಸರು ಹೇಳಿದರು. ಕೋಟೆ ಕಟ್ಟಿಸಿದ ನಾಯಕರ ಹೆಸರು ಒಬ್ಬರೂ ಎತ್ತಲಿಲ್ಲ. ಪಾಪ, ತರಾಸು ಈ ನಾಯಕರ ಮೇಲೆ ಸಾಲು ಸಾಲು ಕಾದಂಬರಿ ಬರೆದವರು. 1779ರಲ್ಲಿ ಕೋಟೆ ಹೈದರನ ಕೈಗೆ ಹೋದ ಕಥೆಯ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಅಷ್ಟರಲ್ಲಿ ಅವರೇ ಇರಲಿಲ್ಲ. ಆದರೂ ದುರ್ಗಕ್ಕೆ ಬರುವ ಜನ ಹುಡುಕೋದು ಮದಕರಿಯನ್ನಲ್ಲ, ರಾಮಾಚಾರಿಯನ್ನ.

ಅಂದಹಾಗೆ ಈ ಚಿತ್ರದ ಮೊದಲ ಸಿಟ್ಟಿನ ಪ್ರೇಕ್ಷಕ ತರಾಸು ಅವರೇ ಅನ್ನಬೇಕು. ಪುಟ್ಟಣ್ಣ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅನ್ನೋ ಅರ್ಥದ ಮಾತು ಅವರ ಹೆಸರಲ್ಲಿ ಇವತ್ತಿಗೂ ಓಡಾಡುತ್ತೆ. ಬರೆದವರಿಗೆ ಹಾವಿನಲ್ಲಿ ವಿಷ ಕಮ್ಮಿ ಆಯ್ತು ಅನ್ನಿಸಿತು. ಇವತ್ತು ನೋಡುವ ಹುಡುಗಿಯರಿಗೆ ಜಾಸ್ತಿ ಆಯ್ತು ಅನ್ನಿಸುತ್ತೆ.

ಇದನ್ನು ನಾನು ಸುಮ್ಮನೆ ಹೇಳ್ತಿಲ್ಲ. 2018ರಲ್ಲಿ ಚಿತ್ರ ಡಿಜಿಟಲ್ ರೂಪದಲ್ಲಿ ಮತ್ತೆ ಥಿಯೇಟರಿಗೆ ಬಂದಾಗ ಆಫೀಸಿನ ಗೆಳತಿಯರ ಜೊತೆ ಹೋಗಿದ್ದೆ. ವಿಷ್ಣು ಕಾಣಿಸಿಕೊಂಡ ಕೂಡಲೇ ಶಿಳ್ಳೆ, ಕಾಗದದ ಚೂರು, ಮುಂದಿನ ಸಾಲಿನವರೆಲ್ಲ ಎದ್ದು ನಿಂತು ಕುಣಿತ. ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ಕ್ಯೂನಲ್ಲಿ ನಿಂತು ಗೆಳತಿ ಕೇಳಿದಳು, ‘ಪಂದ್ಯ ಕಟ್ಟಿ ಹುಡುಗಿಗೆ ಮುತ್ತು ಕೊಡೋನು ಹೀರೊ ಹೆಂಗಾದ? ಇವತ್ತಾದ್ರೆ ಕಂಪ್ಲೇಂಟ್ ಕೊಟ್ಟು ಒಳಗೆ ಹಾಕಿಸ್ತಿದ್ದೆ.’ ಹಿಂದೆ ನಿಂತಿದ್ದ ನಮ್ಮಮ್ಮನ ವಯಸ್ಸಿನವರೊಬ್ಬರು ಅದಕ್ಕೆ, ‘ನೀನು ಅವನನ್ನ ನೋಡ್ತಾ ಇದೀಯ. ನಾನು ಅಲಮೇಲುನ ನೋಡ್ತೀನಿ. ಆ ಮಗೂನ ಯಾರಾದ್ರೂ ಒಂದು ಮಾತು ಕೇಳಿದ್ರಾ?’ ಅಂದರು.

ಅದು ನಿಜ. ಅಣ್ಣ ಮಾತು ಕೊಡ್ತಾನೆ, ಅಪ್ಪ ಗಂಡು ಹುಡುಕ್ತಾನೆ, ಮೇಷ್ಟ್ರು ತ್ಯಾಗದ ಪಾಠ ಮಾಡ್ತಾರೆ. ತ್ಯಾಗ ಮಾಡಿದವನು ರಾಮಾಚಾರಿ, ಬೆಲೆ ತೆತ್ತವಳು ಅವಳು. ಆರತಿ ಹೋಟೆಲ್ ರೂಮಿನ ಆ ಒಂದು ದೃಶ್ಯದಲ್ಲಿ ನೋಡುವ ನೋಟ ಇದೆಯಲ್ಲ, ಥಿಯೇಟರಿನಲ್ಲಿ ಶಿಳ್ಳೆ ನಿಂತಿದ್ದು ಅಲ್ಲಿ. ಆಮೇಲೆ ಮತ್ತೆ ಕೇಳಲೇ ಇಲ್ಲ.

ಈ ಸಲ ದುರ್ಗಕ್ಕೆ ಹೋಗಿದ್ದು ಸೋದರಮಾವನ ಜೊತೆ. ಮಾವ ಇರೋದು ಹಿರಿಯೂರಿನಲ್ಲಿ, ಹೆದ್ದಾರಿಯಲ್ಲೇ ಕಾರು ನಿಲ್ಲಿಸಿ ಹತ್ತಿಸಿಕೊಂಡೆ. ಅವರು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಕನ್ನಡ ಮತ್ತು ಸಮಾಜ ಪಾಠ ಮಾಡಿದವರು. ಹಳೇ ಹುಡುಗರು ಅವರನ್ನು ಕರೆಯೋದೇ ಚಾಮಯ್ಯ ಮೇಷ್ಟ್ರು ಅಂತ. ಕರ್ನಾಟಕದ ಪ್ರತಿ ತಾಲೂಕಿನಲ್ಲೂ ಅಂಥ ಅಡ್ಡಹೆಸರಿನ ಮೇಷ್ಟ್ರು ಒಬ್ಬರಾದರೂ ಇರ್ತಾರೆ ಅಂತ ನನ್ನ ಗುಮಾನಿ. ಕೆ.ಎಸ್. ಅಶ್ವತ್ಥ್ ಆ ಪಾತ್ರವನ್ನು ಹಾಗೆ ಮಾಡಿಟ್ಟು ಹೋದರು. ಕೋಟು, ತಗ್ಗಿದ ದನಿ, ಬೈಯುವಾಗಲೂ ಕಣ್ಣಲ್ಲಿ ನೀರು. 2009ರ ಡಿಸೆಂಬರ್ 30ಕ್ಕೆ ವಿಷ್ಣುವರ್ಧನ್ ಹೋದರು, ಮೂರು ವಾರವೂ ತುಂಬುವ ಮೊದಲೇ ಅಶ್ವತ್ಥ್ ಹೋದರು. ಸಿನಿಮಾದಲ್ಲಿ ಮೇಷ್ಟ್ರ ಹಿಂದೆ ಶಿಷ್ಯ, ಇಲ್ಲಿ ಶಿಷ್ಯನ ಹಿಂದೆ ಮೇಷ್ಟ್ರು. ಆ ದಿನ ನಮ್ಮ ಮಾವ ಮಧ್ಯಾಹ್ನದ ಕ್ಲಾಸ್ ತಗೊಳ್ಳಲಿಲ್ಲವಂತೆ.

ಮಾವನಿಗೆ ಆ ವಾರ ತಲೆ ಸರಿ ಇರಲಿಲ್ಲ. ಕಾರಣ ನನ್ನ ಚಿಕ್ಕಮ್ಮನ ಮಗಳು. ಅವಳೂ ಬೆಂಗಳೂರಲ್ಲೇ ಕೆಲಸ ಮಾಡೋದು. ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮದುವೆ ಆಗ್ತೀನಿ ಅಂತ ಮನೇಲಿ ಹೇಳಿದ್ದಾಳೆ. ಹುಡುಗನ ಮನೆಯವರು ಭಾನುವಾರ ಚರ್ಚಿಗೆ ಹೋಗುವವರು. ಚಿಕ್ಕಮ್ಮ ಎರಡು ದಿನ ಊಟ ಬಿಟ್ಟು, ಮೂರನೇ ದಿನ ಅಣ್ಣನಿಗೆ ಫೋನ್ ಮಾಡಿದರು. ‘ಅವಳು ಅಪ್ಪನ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ. ನಿನ್ನ ಮಾತು ಒಂದು ಕೇಳ್ತಾಳೆ. ನೀನೇ ಬುದ್ಧಿ ಹೇಳಣ್ಣ.’

ಅದನ್ನು ಮಾವ ಕಾರಿನಲ್ಲಿ ಹೇಳಿದಾಗ ನಾನು ಏನೂ ಅನ್ನಲಿಲ್ಲ. ಅವರೂ ಮುಂದುವರಿಸಲಿಲ್ಲ. ಗಾಳಿಯಂತ್ರ ಎಣಿಸುತ್ತಾ ಕೂತಿದ್ದರು.

ಬಂಡೆಗಳ ನಡುವಿನ ದಾರಿ ಹಿಡಿದು ಹಿಡಿಂಬೇಶ್ವರನ ಗುಡಿಗೆ ಬಂದೆವು. ಮಹಾಭಾರತದ ಹಿಡಿಂಬ ಇದ್ದದ್ದು ಇದೇ ಬೆಟ್ಟದಲ್ಲಿ ಅಂತ ಇಲ್ಲಿನ ನಂಬಿಕೆ. ಗುಡಿ ನೆರಳಲ್ಲಿ ಬೈಕಿನಲ್ಲಿ ಬಂದಿದ್ದ ಹುಡುಗರ ಗುಂಪೊಂದು ಹೆಲ್ಮೆಟ್ ಪಕ್ಕಕ್ಕಿಟ್ಟುಕೊಂಡು ಕೂತಿತ್ತು. ಮಾತು ಅದೇ. ಒಬ್ಬ ಹೇಳ್ತಿದ್ದ, ‘ಬ್ರೋ, ಸೀದಾ ರಿಜಿಸ್ಟರ್ ಆಫೀಸಿಗೆ ಹೋಗೋದು ಬಿಟ್ಟು ಬೆಟ್ಟಕ್ಕೆ ಯಾಕೆ ಹೋದ?’ ಇನ್ನೊಬ್ಬ, ‘ಎಲ್ಲಾ ಆ ಮೇಷ್ಟ್ರಿಂದ ಆಗಿದ್ದು.’ ನನ್ನ ಪಕ್ಕ ಮಾವ ನೀರು ಕುಡಿಯೋದು ನಿಲ್ಲಿಸಿದರು.

ಅವರು ಎದ್ದು ಹೋಗ್ತಾರೆ ಅಂದುಕೊಂಡೆ. ಇಲ್ಲ, ಹುಡುಗರ ಹತ್ತಿರ ಹೋಗಿ ಕೂತರು. ಮೇಷ್ಟ್ರುಗಳ ಅಭ್ಯಾಸ.

‘ಮೇಷ್ಟ್ರದು ಏನು ತಪ್ಪು, ಹೇಳಿ ನೋಡಣ.’

ಹುಡುಗ ತಡವರಿಸಿದ. ‘ಅಲ್ಲ ಸರ್, ಅವರು ಒಳ್ಳೆಯವರೇ. ಆದ್ರೆ ಅವನ ಪರವಾಗಿ ಒಂದ್ ಸಲನಾದ್ರೂ ಆ ಮನೆಗಳಿಗೆ ಹೋಗಿ ಮಾತಾಡಬೇಕಿತ್ತು ತಾನೆ? ಬರೀ ಇವನಿಗೇ ಬಂದು ಬೇಡ ಬೇಡ ಅಂತಾರೆ. ಯಾಕಂದ್ರೆ ಇವನು ಕೇಳ್ತಾನೆ. ಅವರು ಕೇಳಲ್ಲ.’

ಮಾವ ತಲೆ ಆಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಗುಡಿ ಕಡೆ ಕೈ ತೋರಿಸಿ ಹುಡುಗರಿಗೆ ಒಂದು ಕಥೆ ಹೇಳಿದರು. ಹಿಡಿಂಬನ ತಂಗಿ ಹಿಡಿಂಬೆ ಭೀಮನನ್ನು ಇಷ್ಟಪಟ್ಟಳು. ಅವಳು ರಾಕ್ಷಸಿ, ಇವನು ಕ್ಷತ್ರಿಯ, ಮೇಲಾಗಿ ಅವಳ ಅಣ್ಣನನ್ನೇ ಕೊಂದವನು. ಇದಕ್ಕಿಂತ ಎಡವಟ್ಟಾದ ಸಂಬಂಧ ಇನ್ನೊಂದಿಲ್ಲ. ಹಿಡಿಂಬೆ ನೇರ ಹೋಗಿ ಕೇಳಿಕೊಂಡಿದ್ದು ಕುಂತಿಯನ್ನ. ಕುಂತಿ ಬೇಡ ಅನ್ನಲಿಲ್ಲ. ‘ದುರ್ಗದಲ್ಲಿ ಒಂದು ಮದುವೆಗೆ ಹಿರಿಯರು ಹೂಂ ಅಂದಿದ್ದು ಹೀಗೆ. ಘಟೋತ್ಕಚ ಹುಟ್ಟಿದ. ಕುರುಕ್ಷೇತ್ರದಲ್ಲಿ ಅರ್ಜುನನಿಗೆ ಅಂತ ಕರ್ಣ ಇಟ್ಟುಕೊಂಡಿದ್ದ ಶಕ್ತ್ಯಾಯುಧವನ್ನ ತನ್ನ ಮೈಮೇಲೆ ತಗೊಂಡವನು ಆ ಹುಡುಗನೇ.’

ಹುಡುಗರು ‘ಸೂಪರ್ ಸರ್’ ಅಂದರು. ಒಬ್ಬ ರೀಲ್ಸ್‌ಗೆ ಇನ್ನೊಂದ್ಸಲ ಹೇಳಿ ಅಂತ ಫೋನ್ ಎತ್ತಿದ. ಮಾವ ಎದ್ದು ಬಂದರು.

ಏಕನಾಥೇಶ್ವರಿ ಗುಡಿ, ಉಯ್ಯಾಲೆ ಕಂಬ, ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ ಎಲ್ಲ ನೋಡಿದೆವು. ಕೋಟೆಯ ನಿಜವಾದ ಬುದ್ಧಿವಂತಿಕೆ ಇರೋದು ನೀರಿನಲ್ಲಿ. ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ ಹರಿಯುವ ಹಾಗೆ ಕಟ್ಟಿದ್ದಾರೆ. ಮಳೆ ಕಮ್ಮಿ ಬೀಳುವ ಬಯಲುಸೀಮೆಯಲ್ಲಿ ಮುತ್ತಿಗೆ ತಡೆದುಕೊಂಡಿದ್ದು ಹಾಗೆ. ಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳನ್ನೂ ತಪ್ಪಿಸಬೇಡಿ. ಅವುಗಳ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಬೇಡ.

ಇನ್ನೂ ಮೇಲೆ ಒಬ್ಬ ಗೈಡ್ ಸಿಕ್ಕಿದ. ಕ್ಲೈಮ್ಯಾಕ್ಸ್ ಯಾವ ಬಂಡೆ ಮೇಲೆ ಅಂತ ಕೇಳಿದೆ. ‘ಅಗಾ, ಆ ಬಂಡೆ ಐತಲ್ಲ ಮೇಡಂ, ಅದೇ ನೋಡ್ರಿ’ ಅಂತ ಎಡಕ್ಕೆ ಬೆರಳು ತೋರಿಸಿದ. ಇಪ್ಪತ್ತು ಹೆಜ್ಜೆ ಆಚೆ ಇನ್ನೊಂದು ಕುಟುಂಬಕ್ಕೆ ಇನ್ನೊಬ್ಬ ಗೈಡ್ ಬಲಕ್ಕೆ ತೋರಿಸ್ತಿದ್ದ. ನಾನು ನಕ್ಕಿದ್ದು ನೋಡಿ ಇವನೂ ನಕ್ಕ. ‘ಜನ ಯಾವುದೋ ಒಂದು ಬಂಡೆ ನೋಡಿ ಕಣ್ಣೀರು ಹಾಕ್ಬೇಕು ಅಂತ ಬಂದಿರ್ತಾರೆ. ನಾವು ತೋರಿಸ್ತೀವಿ.’

ಅವನ ಅಭಿಪ್ರಾಯ ಏನು ಅಂತಲೂ ಕೇಳಿದೆ. ದಿನಾ ಹೇಳಿ ಹೇಳಿ ಅವನಿಗೆ ಸಾಕಾಗಿರುತ್ತೆ ಅಂದುಕೊಂಡಿದ್ದೆ. ಇಲ್ಲ, ಅವನಿಗೆ ಖಚಿತವಾದ ನಿಲುವೇ ಇತ್ತು. ‘ತುಂಗಮ್ಮನ ಬಗ್ಗೆ ಯಾರೂ ಮಾತಾಡಲ್ಲ ಮೇಡಂ. ಗಂಡನೂ ಹೋದ, ಮಗನಂಗಿದ್ದ ಹುಡುಗನೂ ಹೋದ. ಬೆಟ್ಟದ ಮೇಲೆ ಮೂವರು ಸತ್ರು ಅಂತಾರೆ. ಮನೇಲಿ ಒಬ್ಬಾಕೆ ಬದುಕಿದ್ಲಲ್ಲ, ಅದು ಹೆಂಗೆ ಬದುಕು?’ ಲೀಲಾವತಿ ಮಾಡಿದ ಪಾತ್ರ ಅದು. ನನಗೆ ಆ ಕ್ಷಣದವರೆಗೆ ಅವಳ ನೆನಪೇ ಆಗಿರಲಿಲ್ಲ.

ತುದಿಯಲ್ಲಿ ಗಾಳಿ ಜೋರಿತ್ತು. ಕೆಳಗೆ ಊರು, ಹೆಂಚಿನ ಮನೆಗಳ ಜೊತೆ ಕಾಂಕ್ರೀಟು, ಆಚೆ ಜೋಗಿಮಟ್ಟಿ ಕಡೆಯ ಕಾಡು. ಒಂದು ಗಂಡು ಹೆಣ್ಣು ಬಂಡೆ ಅಂಚಿಗೆ ಬೆನ್ನು ಕೊಟ್ಟು, ಸಿನಿಮಾದ ಪೋಸಿನಲ್ಲಿ ಸೆಲ್ಫಿ ತೆಗೆಯಲು ಹೊರಟಿದ್ದರು. ಮಾವ ಕ್ಲಾಸ್‌ರೂಮಿನ ದನಿಯಲ್ಲಿ ‘ಈ ಕಡೆ ಬನ್ರಿ!’ ಅಂತ ಗದರಿದರು. ಅವರು ಬೆಚ್ಚಿ ಈಚೆ ಬಂದರು. ಹುಡುಗಿ ಸಾರಿ ಅಂಕಲ್ ಅಂದಳು.

ಅವರು ಹೋದ ಮೇಲೆ ಮಾವ ಕೂತು ಮಾತಾಡಿದರು. ಮೊದಲ ಸಲ ಈ ಸಿನಿಮಾ ನೋಡಿದ್ದು ಮಿಡ್ಲ್ ಸ್ಕೂಲ್‌ನಲ್ಲಿದ್ದಾಗ, ಟೆಂಟಿನಲ್ಲಿ, ನೆಲದ ಮೇಲೆ ಕೂತು. ಆಗ ಅವರೇ ರಾಮಾಚಾರಿ. ಶರ್ಟಿನ ಮೇಲಿನ ಗುಂಡಿ ಬಿಚ್ಚಿಕೊಂಡು ಓಡಾಡಿ ಅಜ್ಜನ ಕೈಲಿ ಹೊಡೆತ ತಿಂದಿದ್ದರಂತೆ. ಕೆಲಸಕ್ಕೆ ಸೇರಿದ ಮೇಲೆ ಟೀವಿಯಲ್ಲಿ ನೋಡಿದಾಗೆಲ್ಲ ಕಣ್ಣು ಹೋಗ್ತಿದ್ದದ್ದು ಚಾಮಯ್ಯನ ಮೇಲೆ. ಎಂಥ ಮೇಷ್ಟ್ರು, ಶಿಷ್ಯನಿಗಾಗಿ ಪ್ರಾಣ ಕೊಟ್ಟ ಅನ್ನಿಸ್ತಿತ್ತು.

‘ಆ ಹುಡುಗ ಹೇಳಿದ್ನಲ್ಲ, ಅವನು ಕೇಳ್ತಾನೆ ಅಂತ ಅವನಿಗೇ ಹೇಳ್ತಾರೆ ಅಂತ. ಅದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ ನೋಡು ಪುಟ್ಟಿ.’

ನಾನು ಸುಮ್ಮನಿದ್ದೆ.

‘ನನ್ನ ಸರ್ವಿಸ್‌ನಲ್ಲಿ ಮೂರು ಸಲ ಹಿಂಗೆ ಬಂದಿದ್ರು ಹೆತ್ತವರು. ಮೇಷ್ಟ್ರೇ, ನೀವು ಹೇಳಿದ್ರೆ ಕೇಳ್ತಾರೆ, ಒಂಚೂರು ಬುದ್ಧಿ ಹೇಳಿ ಅಂತ. ಹೇಳಿದೆ. ಮೂವರೂ ಕೇಳಿದ್ರು. ಅದರಲ್ಲಿ ಒಬ್ಬ ಹುಡುಗಿ ಈಗಲೂ ಸಂತೇಲಿ ಸಿಗ್ತಾಳೆ. ನಮಸ್ಕಾರ ಸರ್ ಅಂತಾಳೆ. ಮುಖ ನೋಡಲ್ಲ.’

ಸಿನಿಮಾವನ್ನು ಬಿಟ್ಟು ಅವರು ಬೇರೆಲ್ಲೋ ಹೋಗಿದ್ದಾರೆ ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ‘ನಾಗರಹಾವು’ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳೆಲ್ಲ, ಥಿಯೇಟರಿನಲ್ಲಿ, ಆಫೀಸ್ ಕ್ಯಾಂಟೀನಿನಲ್ಲಿ, ಈ ಬೆಟ್ಟದ ಮೇಲೆ, ಪ್ರೇಮಿಗಳು ಸರಿಯೋ ತಪ್ಪೋ ಅನ್ನುವಲ್ಲಿಗೆ ಬಂದು ನಿಲ್ಲುತ್ತವೆ. ರಾಮಾಚಾರಿ ಒರಟ, ಒಪ್ಪೋಣ. ಅವನ ಪ್ರೀತಿಯಲ್ಲಿ ಹಠ ಜಾಸ್ತಿ, ಅದನ್ನೂ ಒಪ್ಪೋಣ. ಆದರೆ ಈ ಕಥೆಯಲ್ಲಿ ಊರಿನ ಯಾರೂ ಅವನನ್ನು ಬಗ್ಗಿಸಲಾಗಲಿಲ್ಲ. ಅವನನ್ನು ಬಗ್ಗಿಸಲು ಅವರಿಗೆ ಒಬ್ಬ ಒಳ್ಳೆಯ ಮನುಷ್ಯ ಬೇಕಾಯಿತು. ಜಲೀಲನಂಥ ರೌಡಿಯಿಂದ ಆಗದ್ದು ಚಾಮಯ್ಯನ ವಾತ್ಸಲ್ಯದಿಂದ ಆಯಿತು. ಮೇಷ್ಟ್ರು ಕೆಟ್ಟವರಾಗಿದ್ದರೆ ಇದು ಮಾಮೂಲಿ ಹೊಡೆದಾಟದ ಸಿನಿಮಾ ಆಗಿ, ಹುಡುಗ ಹುಡುಗಿ ಬೆಂಗಳೂರು ಬಸ್ ಹತ್ತಿ ಬದುಕಿಕೊಳ್ತಿದ್ದರು.

ಪುಟ್ಟಣ್ಣನೇ ಇದನ್ನು ಹಿಂದಿಯಲ್ಲೂ ಮಾಡಿದರು, 1974ರಲ್ಲಿ, ರಿಷಿ ಕಪೂರ್ ಹಾಕಿಕೊಂಡು, ‘ಜಹರೀಲಾ ಇನ್ಸಾನ್’ ಅಂತ. ಅದೇ ವರ್ಷ ತೆಲುಗಿನಲ್ಲಿ, ತಮಿಳಿನಲ್ಲಿ ಬಂತು. ಯಾವುದೂ ಇಲ್ಲಿನಷ್ಟು ಉಳಿಯಲಿಲ್ಲ. ವಿಷ್ಣು ಇರಲಿಲ್ಲ ಅಂತ ಅಭಿಮಾನಿಗಳು ಹೇಳ್ತಾರೆ. ಅಶ್ವತ್ಥ್ ಇರಲಿಲ್ಲ ಅಂತ ನಾನು ಹೇಳ್ತೀನಿ. ಮೇಷ್ಟ್ರ ಮೇಲೆ ನಮಗೆ ಪ್ರೀತಿ ಹುಟ್ಟದೆ ಹೋದರೆ ಆ ಬೆಟ್ಟದ ದೃಶ್ಯ ಕೆಲಸ ಮಾಡಲ್ಲ.

ಇಳಿಯುವಾಗ ಮಾವನ ಮಂಡಿ ನೋಯುತ್ತಿತ್ತು. ಅಲ್ಲಲ್ಲಿ ಕೂತು ಕೂತು ಇಳಿದೆವು. ಓಬವ್ವನ ಕಿಂಡಿಯ ಹತ್ತಿರ ಒಬ್ಬ ತಾಯಿ ಪುಟ್ಟ ಮಗಳಿಗೆ ಒನಕೆ ಅಂದರೇನು ಅಂತ ವಿವರಿಸುತ್ತಿದ್ದರು, ಮಗುವಿಗೆ ಮಿಕ್ಸಿ ಮಾತ್ರ ಗೊತ್ತು. ಮಾವ ನಿಂತು ಕುಟ್ಟುವ ಆಕ್ಷನ್ ಮಾಡಿ ತೋರಿಸಿದರು. ಅದು ನಕ್ಕಿತು.

ಕೆಳಗೆ ಬಂದು ಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಚಾ ಹೇಳಿದೆವು. ಅಷ್ಟರಲ್ಲಿ ಚಿಕ್ಕಮ್ಮನ ಫೋನ್. ಮಾವ ಎದ್ದು ಸ್ವಲ್ಪ ಆಚೆ ಹೋದರು, ಆದರೆ ಮೇಷ್ಟ್ರ ದನಿ, ಎಲ್ಲ ಕೇಳಿಸುತ್ತಿತ್ತು.

‘ಇಲ್ಲ, ಅವಳಿಗೆ ಫೋನ್ ಮಾಡಿಲ್ಲ... ಮಾಡಲ್ಲ... ಅಲ್ಲ ಕಣೆ, ಕೋಪ ಮಾಡ್ಕೋಬೇಡ. ನಾಳೆ ನಾನೇ ಬರ್ತೀನಿ. ನಿನ್ನ ಜೊತೆ, ನಿನ್ನ ಗಂಡನ ಜೊತೆ ಮಾತಾಡಬೇಕು... ಅವಳ ವಿಷಯವೇ... ಹ್ಞೂಂ, ಬೆಳಗ್ಗೆ ಬಸ್ಸಿಗೆ. ತಿಂಡಿ ಏನೂ ಮಾಡಬೇಡ.’

ಫೋನ್ ಜೇಬಿಗಿಟ್ಟು ಬಂದು ಕೂತರು. ಚಾ ಆರಿತ್ತು. ಗಾಡಿಯವನು ಇನ್ನೊಂದು ಕೊಡ್ಲಾ ಸಾರ್ ಅಂದ. ಎರಡು ಕೊಡಪ್ಪ ಅಂದರು.